ಉಪ್ಪುಗಾಳಿಯ ಊರಲ್ಲಿ ಮಡಚುವ ಟಾಪಿನ ಕಾರು

ಬಟನ್ ಒತ್ತಿದರೆ ತಲೆಯ ಮೇಲಿನ ಗಟ್ಟಿ ಟಾಪ್ ತುಂಡುತುಂಡಾಗಿ ಮಡಚಿಕೊಂಡು ಡಿಕ್ಕಿಯೊಳಗೆ ಹೋಗಿ ಕೂರುವ ಕಾರು ನಮ್ಮ ಕಾರವಾರದ ರಸ್ತೆಯಲ್ಲಿ ಅಪರೂಪ. ಹಡಗಿನ ಕೆಲಸದ ಹುಡುಗರು ಆಗೊಂದು ಈಗೊಂದು ಸೆಕೆಂಡ್ ಹ್ಯಾಂಡ್ ತರುತ್ತಾರೆ. ತಂದು ನಾಲ್ಕು ದಿನ ಟಾಪ್ ತೆಗೆದು ಮಾಜಾಳಿ ತನಕ ಓಡಿಸಿ, ಮತ್ತೆ ಹಡಗು ಹತ್ತುತ್ತಾರೆ. ಆಮೇಲೆ ಅದನ್ನು ನೋಡಿಕೊಳ್ಳುವ ಪಾಳಿ ಮನೆಯ ಹಿರಿಯರದು. ನಮ್ಮಲ್ಲೂ ಹಾಗೆಯೇ. ಹಾಗಾಗಿ ಈ ಮಾತೆಲ್ಲ ಮುಖ್ಯವಾಗಿ ನನ್ನಂತೆ ಮಗನ ಕಾರು ಕಾಯುವವರಿಗೆ.

ಮೊದಲು ಒಂದು ವಿಷಯ ತಲೆಯಲ್ಲಿರಲಿ. ಈ ಕಾರಿಗೆ ತೊಳೆಯುವ ಕೆಲಸ ಅರ್ಧ ಗಂಟೆಯದಾದರೆ ಒಣಗಿಸುವ ಕೆಲಸ ಒಂದು ಗಂಟೆಯದು. ಮಾಮೂಲಿ ಕಾರಿನ ಮಾಡು ಒಂದೇ ತಗಡು, ನೀರು ಬಿದ್ದರೆ ಜಾರಿ ಹೋಗುತ್ತದೆ. ಇದರ ಮಾಡಿನಲ್ಲಿ ಎಲ್ಲಿ ನೋಡಿದರೂ ಸಂದು: ಮುಂದಿನ ಗಾಜಿನ ಮೇಲೊಂದು, ಎರಡು ತುಂಡುಗಳ ನಡುವೆ ಒಂದು, ಹಿಂದಿನ ಗಾಜಿನ ಹತ್ತಿರ, ಡಿಕ್ಕಿ ಮುಚ್ಚಳದ ಅಂಚಿಗೆ. ಎಲ್ಲ ಕಡೆ ರಬ್ಬರ್ ಬೀಡಿಂಗ್ ಇದೆ ನಿಜ, ಆದರೆ ಅದು ನೀರನ್ನು ಪೂರ್ತಿ ತಡೆಯುತ್ತದೆ ಎಂದುಕೊಳ್ಳಬೇಡಿ. ಸ್ವಲ್ಪ ನೀರು ಒಳಗಿನ ಕಾಲುವೆಗೆ ಇಳಿದೇ ಇಳಿಯುತ್ತದೆ. ಅಲ್ಲಿಂದ ಸಣ್ಣ ಪೈಪುಗಳ ಮೂಲಕ ಕಾರಿನ ಅಡಿಗೆ ಹೋಗುವಂತೆ ಮಾಡಿರುತ್ತಾರೆ. ಆ ದಾರಿ ಕಟ್ಟಿಕೊಂಡರೆ, ಅಥವಾ ಆ ಸಂದುಗಳಲ್ಲಿ ಉಪ್ಪು ಕೂತರೆ, ಹೊರಗೆ ಎಷ್ಟು ಹೊಳೆದರೂ ಪ್ರಯೋಜನವಿಲ್ಲ.

ನೀರಿನ ಮಾತು ಮೊದಲು. ಕಡಲ ಹತ್ತಿರದ ಬಾವಿಗಳು ಏಪ್ರಿಲ್, ಮೇ ಹೊತ್ತಿಗೆ ಸ್ವಲ್ಪ ಉಪ್ಪಾಗುವುದು ನಮಗೆ ಹೊಸದಲ್ಲ. ಅಂಥ ನೀರಲ್ಲಿ ಕಾರು ತೊಳೆದರೆ ಉಪ್ಪು ತೆಗೆಯಲು ಹೋಗಿ ಉಪ್ಪು ಹಚ್ಚಿದಂತೆ. ಸಂಶಯ ಬಂದರೆ ಒಂದು ಚಮಚ ನೀರನ್ನು ಸ್ಟೀಲ್ ತಟ್ಟೆಗೆ ಹಾಕಿ ಬಿಸಿಲಲ್ಲಿ ಒಣಗಲು ಬಿಡಿ. ಬಿಳಿ ಕಲೆ ದಪ್ಪಗೆ ಉಳಿದರೆ ಆ ನೀರು ಕಾರಿಗೆ ಬೇಡ, ನಗರಸಭೆಯ ನಲ್ಲಿ ನೀರೇ ವಾಸಿ. ಮಳೆಗಾಲದಲ್ಲಂತೂ ದೇವರೇ ಕೊಡುತ್ತಾನೆ. ಮೊದಲ ಕೆಲವು ಮಳೆಗೆ ಹಂಚಿನ ಧೂಳೆಲ್ಲ ಹೋದಮೇಲೆ ಡ್ರಮ್ಮಿನಲ್ಲಿ ಹಿಡಿದ ಮಳೆನೀರಿಗಿಂತ ಒಳ್ಳೆಯ ಕೊನೆಯ ನೀರು ಇನ್ನೊಂದಿಲ್ಲ, ಅದರಲ್ಲಿ ಕಲೆ ಬಿಡುವಂಥದ್ದು ಏನೂ ಇರುವುದಿಲ್ಲ. ವರ್ಷಕ್ಕೆ 3000 ಮಿಲಿಮೀಟರ್ ಆಸುಪಾಸು ಮಳೆ ಬೀಳುವ ಊರಲ್ಲಿ ಅಷ್ಟಾದರೂ ಹಿಡಿದಿಟ್ಟುಕೊಳ್ಳಬೇಡವೇ.

ತೊಳೆಯುವಾಗ ಕಾರು ನೆರಳಲ್ಲಿರಬೇಕು, ಬಾನೆಟ್ ಕೈಗೆ ತಣ್ಣಗಿರಬೇಕು. ಬೆಳಿಗ್ಗೆ ಏಳರ ಒಳಗೆ ಮುಗಿಸಿದರೆ ಒಳ್ಳೆಯದು, ಬಿಸಿಲು ಮೇಲೆ ಬಂದರೆ ಸೆಕೆಗೆ ಶಾಂಪೂ ಅಲ್ಲಲ್ಲೇ ಒಣಗಿ ಪಟ್ಟೆ ಬೀಳುತ್ತದೆ. ಟಾಪ್ ಪೂರ್ತಿ ಮುಚ್ಚಿದೆಯೇ, ನಾಲ್ಕೂ ಗಾಜು ಕೊನೆತನಕ ಏರಿದೆಯೇ ನೋಡಿ. ಮೊದಲು ಬಟ್ಟೆ ಮುಟ್ಟಿಸದೆ ಬರೀ ನೀರನ್ನೇ ಧಾರಾಳವಾಗಿ ಮೇಲಿನಿಂದ ಕೆಳಗೆ ಹರಿಸಿ. ನಮ್ಮ ಊರಲ್ಲಿ ಕಾರಿನ ಮೇಲೆ ಕೂರುವುದು ಬರೀ ಧೂಳಲ್ಲ, ಕಡಲತಡಿಯ ಮರಳು. ಮರಳಿನ ಮೇಲೆ ಬಟ್ಟೆ ಉಜ್ಜಿದರೆ ಪೇಂಟಿನಲ್ಲಿ ಗೀರುಗಳು ಸುತ್ತುಸುತ್ತಾಗಿ ಬಿಸಿಲಿಗೆ ಕಾಣುತ್ತವೆ. ನೀರು ಹರಿದಮೇಲೆ ಎರಡು ಬಕೆಟ್ ಇಟ್ಟುಕೊಳ್ಳಿ, ಒಂದರಲ್ಲಿ ಕಾರಿನ ಶಾಂಪೂ, ಇನ್ನೊಂದರಲ್ಲಿ ಬರೀ ನೀರು. ಒಂದು ಭಾಗ ಒರೆಸಿದ ಬಟ್ಟೆಯನ್ನು ಬರೀ ನೀರಲ್ಲಿ ಜಾಲಿಸಿದ ಮೇಲೆಯೇ ಶಾಂಪೂ ಬಕೆಟ್ಟಿಗೆ ಅದ್ದಬೇಕು. ಮೇಲಿನಿಂದ ಶುರು, ಚಕ್ರ ಕೊನೆಗೆ, ಚಕ್ರಕ್ಕೆ ಬೇರೆಯೇ ಬಟ್ಟೆ. ಬಟ್ಟೆ ತೊಳೆಯುವ ಪುಡಿ, ಪಾತ್ರೆಯ ಸೋಪು ಎರಡೂ ಬೇಡ. ಎಣ್ಣೆಜಿಡ್ಡು ಬಿಡಿಸುವ ಸೋಪು ಕಾರಿನ ಮೇಣವನ್ನೂ ಬಿಡಿಸುತ್ತದೆ.

ಪೇಟೆಯಲ್ಲಿ ವಾಟರ್ ಸರ್ವಿಸಿಗೆ ಬಿಡುವವರು ಒಂದು ಎಚ್ಚರ ಹೇಳಿಯೇ ಬಿಡಿ. ಆ ಪ್ರೆಶರ್ ಗನ್ನನ್ನು ಟಾಪಿನ ಸಂದುಗಳಿಗೆ ನೇರ ಹಿಡಿಯಕೂಡದು. ಬೀಡಿಂಗಿನಿಂದ ಒಂದೆರಡು ಅಡಿ ದೂರ, ಓರೆಯಾಗಿ, ಬೇಗ ಬೇಗ ಸಾಗುವಂತಿರಬೇಕು. ರಬ್ಬರ್ ಮಳೆಯ ಒತ್ತಡಕ್ಕೆ ಮಾಡಿದ್ದೇ ಹೊರತು ಪಂಪಿನ ಒತ್ತಡಕ್ಕಲ್ಲ. ಅಡಿಭಾಗಕ್ಕೆ ಮಾತ್ರ ಚೆನ್ನಾಗಿ ಹೊಡೆಸಿ, ಕಡಲದಂಡೆ ರಸ್ತೆಯಲ್ಲಿ ಓಡಾಡುವ ಕಾರಿಗೆ ಉಪ್ಪು ಸೇರುವುದು ಅಲ್ಲಿಯೇ. ಕೆಲವು ಕಡೆ ಕೆಲಸ ಮುಗಿಸಿ ಡೀಸೆಲ್ ಹೊಡೆಯುವ ಪದ್ಧತಿ ಇದೆ. ಹೊಳಪು ಬರುತ್ತದೆ, ಆದರೆ ಅದು ರಬ್ಬರನ್ನು ಉಬ್ಬಿಸುತ್ತದೆ, ಮೆತ್ತಗಾಗಿಸುತ್ತದೆ. ಬೇಡ ಎಂದು ಮೊದಲೇ ಹೇಳಿ. ಹುಡುಗರು ಕೇಳುತ್ತಾರೆ, ಹಿರಿಯರು ಹೇಳಿದರೆ ಇನ್ನೂ ಕೇಳುತ್ತಾರೆ.

ಈಗ ಒಣಗಿಸುವುದು. ಮೈಕ್ರೋಫೈಬರ್ ಟವೆಲ್ಲನ್ನು ಹರಡಿ, ಮೇಲಿಂದ ಅದುಮಿ, ನೀರು ಹೀರಿಸಿ. ಎಳೆದು ಉಜ್ಜುವುದು ಬೇಡ. ಹೊರಮೈ ಒಣಗಿದ ಕೂಡಲೇ ಟಾಪ್ ತೆಗೆಯುವ ಆತುರ ಎಲ್ಲರಿಗೂ ಬರುತ್ತದೆ. ಸ್ವಲ್ಪ ತಡೆಯಿರಿ. ಬಾಗಿಲುಗಳನ್ನು ತೆರೆದು ಅಂಚು ಒರೆಸಿ, ಡಿಕ್ಕಿ ತೆರೆದು ಸುತ್ತಲಿನ ಕಾಲುವೆ ಒರೆಸಿ, ಸಂದುಗಳಿಗೆ ತೆಳ್ಳನೆಯ ಬಟ್ಟೆಯನ್ನು ಬೆರಳಿಗೆ ಸುತ್ತಿ ಒತ್ತಿ. ಅರ್ಧ ಗಂಟೆ ಗಾಳಿಗೆ ಬಿಟ್ಟು ಆಮೇಲೆ ಟಾಪ್ ತೆರೆಯಿರಿ. ಒದ್ದೆಯಲ್ಲೇ ತೆರೆದರೆ ಸಂದಿನ ನೀರು ಸೀಟಿಗೂ ಡಿಕ್ಕಿಗೂ ಸುರಿಯುತ್ತದೆ. ಒಂದು ಹರಳು ಮರಳು ಉಳಿದಿದ್ದರೆ ಮಡಚಿದ ಎರಡು ತುಂಡುಗಳ ನಡುವೆ ಸಿಕ್ಕಿ ಗೀಚುತ್ತದೆ. ತೆರೆದ ಮೇಲೆ, ಮುಚ್ಚಿದ್ದಾಗ ಕಾಣದ ರಬ್ಬರ್ ಮೈಗಳನ್ನೆಲ್ಲ ಒರೆಸಿ. ಟಾಪನ್ನು ಅರ್ಧಕ್ಕೆ ನಿಲ್ಲಿಸಿ ಕೈ ಹಾಕುವ ಸಾಹಸ ಮಾತ್ರ ಬೇಡ. ಒಳಗಿನ ಹೈಡ್ರಾಲಿಕ್ ಒತ್ತಡ ಇಳಿದರೆ ಅದು ತನ್ನಷ್ಟಕ್ಕೆ ಕೆಳಗೆ ಕೂರಬಹುದು. ಮೊಮ್ಮಕ್ಕಳಿಗೆ ಇದು ಆಟದಂತೆ ಕಾಣುತ್ತದೆ, ಅವರನ್ನು ಜಗಲಿಯಲ್ಲೇ ಕೂರಿಸಿ.

ನೀರು ಹೋಗುವ ಪೈಪುಗಳನ್ನು ಮಳೆಗಾಲಕ್ಕೆ ಮುಂಚೆ ಒಮ್ಮೆ, ಮುಗಿದ ಮೇಲೆ ಒಮ್ಮೆ ನೋಡಲೇಬೇಕು. ಟ್ಯಾಗೋರ್ ಕಡಲತೀರದಲ್ಲಿ ಗಾಳಿಮರದ ಕೆಳಗೆ ತಂಪೆಂದು ಕಾರು ನಿಲ್ಲಿಸುವವರು ಗಮನಿಸಿ, ಆ ಸೂಜಿಯಂಥ ಎಲೆಗಳಷ್ಟು ಸಲೀಸಾಗಿ ಕಾಲುವೆಗೆ ಜಾರುವ ವಸ್ತು ಬೇರೆ ಇಲ್ಲ. ಎಲೆ ಬಿದ್ದಿರುವಾಗ ಟಾಪ್ ತೆರೆಯದೆ ಮೊದಲು ಕೈಯಿಂದ ಆಯ್ದು ತೆಗೆಯಿರಿ. ಪೈಪಿನ ಬಾಯಿ ಎಲ್ಲಿದೆ ಎಂದು ಕಾರಿನ ಜೊತೆ ಬಂದ ಪುಸ್ತಕದಲ್ಲಿ ಅಥವಾ ಮೆಕ್ಯಾನಿಕ್ ಹತ್ತಿರ ತಿಳಿದುಕೊಂಡು, ಸಣ್ಣ ಲೋಟದಲ್ಲಿ ನಿಧಾನಕ್ಕೆ ನೀರು ಬಿಡಿ. ಕಾರಿನ ಅಡಿಯಲ್ಲಿ ಅಷ್ಟೇ ನೀರು ಬಂದರೆ ಸರಿ. ತಡೆದು ಬಂದರೆ ಹುಲ್ಲು ಕತ್ತರಿಸುವ ಯಂತ್ರದ ನೈಲಾನ್ ದಾರವನ್ನು ಮೆಲ್ಲಗೆ ತೂರಿಸಿ. ಕಬ್ಬಿಣದ ತಂತಿ ಹಾಕಿದರೆ ಪೈಪು ಒಳಗೇ ಕಳಚಿಕೊಳ್ಳುತ್ತದೆ, ಆಮೇಲೆ ಸೀಟು ಬಿಚ್ಚದೆ ದಾರಿಯಿಲ್ಲ.

ರಬ್ಬರಿಗೆ ಬರೋಣ. ನಮ್ಮ ಕಡೆ ಕಿರುಗುಟ್ಟುವ ಬಾಗಿಲಿಗೂ ಒಡೆದ ಹಿಮ್ಮಡಿಗೂ ತೆಂಗಿನೆಣ್ಣೆಯೇ ಮದ್ದು. ಕಾರಿನ ಬೀಡಿಂಗಿಗೆ ಅದು ಖಂಡಿತ ಬೇಡ, ಅಂಟಾಗಿ ಧೂಳೆಲ್ಲ ಮೆತ್ತಿಕೊಳ್ಳುತ್ತದೆ. ವ್ಯಾಸಲಿನ್, ಗ್ರೀಸು ಇವು ಪೆಟ್ರೋಲಿಯಂ ಜಾತಿಯವು, ಈ ರಬ್ಬರಿಗೆ ಶತ್ರು. ಒದ್ದೆ ಬಟ್ಟೆಯಲ್ಲಿ ಒರೆಸಿ ಒಣಗಿಸಿ, ರಬ್ಬರಿಗೆಂದೇ ಸಿಗುವ ಸಿಲಿಕೋನ್ ಪೇಸ್ಟನ್ನು ಬೆರಳಿನಲ್ಲಿ ತೆಳ್ಳಗೆ ಸವರಿ, ಹೆಚ್ಚಾದದ್ದನ್ನು ಒರೆಸಿಬಿಡಿ. ಟಾಪ್ ತೆರೆಯುವಾಗ ಕಿರ್ ಎನ್ನುವ ಸದ್ದು, ರಬ್ಬರ್ ಅಂಟಿಕೊಳ್ಳುವುದು, ಸೋರುವುದು ಎಲ್ಲ ಬಹುಪಾಲು ಇಷ್ಟರಲ್ಲೇ ನಿಲ್ಲುತ್ತದೆ. ಮುಂದಿನ ಗಾಜಿಗೆ ಮಾತ್ರ ತಾಗಿಸಬೇಡಿ, ಮಳೆಯಲ್ಲಿ ವೈಪರ್ ಓಡುವಾಗ ಗಾಜು ಮಬ್ಬಾಗುತ್ತದೆ.

ಹೀಗೆ ಮಡಚುವ ಗಟ್ಟಿ ಟಾಪನ್ನು 1930ರ ದಶಕದಲ್ಲಿ ರೂಪಿಸಿದವರಲ್ಲಿ ಒಬ್ಬ ಜಾರ್ಜ್ ಪೋಲಾಂ ಎಂಬ ಫ್ರಾನ್ಸಿನವ, ವೃತ್ತಿಯಿಂದ ಹಲ್ಲಿನ ಡಾಕ್ಟರು. ಪೂಜೋ ಕಂಪನಿಯ ಕಾರುಗಳಲ್ಲಿ ಅದು ಬಂತು. ಇವತ್ತಿನ ಪೀಳಿಗೆಗೆ ಅದನ್ನು ಮತ್ತೆ ಪರಿಚಯಿಸಿದ್ದು 1996ರ ಮರ್ಸಿಡಿಸ್ ಎಸ್‌ಎಲ್‌ಕೆ. ಸಂದುಗೊಂದಿಗಳನ್ನು ಒರೆಸುತ್ತ ಕೂತಾಗ, ಇದನ್ನು ಹಲ್ಲಿನ ಡಾಕ್ಟರಲ್ಲದೆ ಬೇರೆ ಯಾರು ಯೋಚಿಸಿಯಾರು ಎಂದು ನನಗೆ ನಗು ಬರುತ್ತದೆ.

ಪೇಂಟಿನ ಮೇಲಿನ ಪಾರದರ್ಶಕ ಪದರ ಸಾಮಾನ್ಯವಾಗಿ 40–50 ಮೈಕ್ರಾನ್, ತಲೆಕೂದಲಿಗಿಂತ ತೆಳು. ಪಾಲಿಷ್ ಎಂದರೆ ಅದನ್ನೇ ಸ್ವಲ್ಪ ಕೆರೆಯುವುದು, ಹಾಗಾಗಿ ಹೊಳಪಿನ ಆಸೆಗೆ ಪದೇಪದೇ ಪಾಲಿಷ್ ಮಾಡಿಸಬೇಡಿ. ವ್ಯಾಕ್ಸ್ ಬೇರೆ, ಅದು ಮೇಲೆ ಸೇರುವಂಥದ್ದು. ಮೇ ತಿಂಗಳ ಕೊನೆಗೊಮ್ಮೆ, ನವರಾತ್ರಿ ಮುಗಿದ ಮೇಲೊಮ್ಮೆ ಹಚ್ಚಿ. ಕಲ್ಲು ಸಿಡಿದು ಪೇಂಟು ಎದ್ದ ಜಾಗಕ್ಕೆ ಟಚಪ್ ಬಣ್ಣ ಆ ವಾರವೇ ಹಚ್ಚಿ. ಕೆಲವು ಕಾರಿನ ಟಾಪ್ ಅಲ್ಯೂಮಿನಿಯಂ, ತುಕ್ಕು ಕೆಂಪಾಗಿ ಕಾಣುವುದಿಲ್ಲ. ಪೇಂಟಿನ ಕೆಳಗೆ ಗುಳ್ಳೆ ಎದ್ದು ಒಳಗೆ ಬಿಳಿ ಪುಡಿಯಾಗಿರುತ್ತದೆ, ಕಾಣುವ ಹೊತ್ತಿಗೆ ತಡವಾಗಿರುತ್ತದೆ.

ಕಾಗೆಯ ಹಿಕ್ಕೆಯನ್ನು ಅವತ್ತೇ ತೆಗೆಯಿರಿ, ಬಿಸಿಲಿಗೆ ಒಣಗಿದರೆ ಪೇಂಟನ್ನು ತಿನ್ನುತ್ತದೆ. ಒದ್ದೆ ಬಟ್ಟೆಯನ್ನು ಹತ್ತು ನಿಮಿಷ ಅದರ ಮೇಲೆ ಹಾಸಿಟ್ಟು ಎತ್ತಿದರೆ ಉಜ್ಜದೆ ಬರುತ್ತದೆ. ನೇರಳೆ ಹಣ್ಣಿನ ಕಾಲದಲ್ಲಿ ಬಾವಲಿಗಳದೂ ಹಾಗೇ. ಗೇರುಮರ, ಮಾವಿನಮರದ ಕೆಳಗೆ ನಿಲ್ಲಿಸಿ ಸೊನೆ ಬಿದ್ದರೆ ಉಗುರಿನಿಂದ ಕೆರೆಯಬೇಡಿ, ಬಿಸಿನೀರಿನ ಬಟ್ಟೆಯಲ್ಲಿ ಮೆತ್ತಗೆ ಮಾಡಿ. ಶಿರಸಿ ಕಡೆಯವರಿಗೆ ಉಪ್ಪಿನ ಕಾಟವಿಲ್ಲ, ಆದರೆ ಮುಂಗಾರಿನಲ್ಲಿ ಕೊಳೆರೋಗಕ್ಕೆ ಅಡಿಕೆಮರಕ್ಕೆ ಬೋರ್ಡೋ ಹೊಡೆಯುವಾಗ ತೋಟದ ಹತ್ತಿರ ಕಾರು ನಿಂತಿದ್ದರೆ ಮೈಲುತುತ್ತು, ಸುಣ್ಣದ ಹನಿ ಬೀಳದೆ ಇರುವುದಿಲ್ಲ. ಒಣಗುವ ಮುಂಚೆ ನೀರು ಸುರಿಯಿರಿ, ಅಥವಾ ಅವತ್ತು ಕಾರನ್ನು ಬೇರೆ ಮನೆ ಅಂಗಳಕ್ಕೆ ಸಾಗಿಸಿ. ಆಯುಧಪೂಜೆಗೆ ಕುಂಕುಮ ಹಚ್ಚುವುದಿದ್ದರೆ ನಂಬರ್ ಪ್ಲೇಟಿಗೆ ಹಚ್ಚಿ, ದೇವಿ ಬೇಜಾರಾಗುವುದಿಲ್ಲ. ಹಾರದ ತಂತಿ ಬಾನೆಟ್ಟಿಗೆ ತಾಗದಿರಲಿ, ಬಾಳೆಕಂದನ್ನು ಪೇಂಟಿನ ಮೇಲೆ ಟೇಪ್ ಹಚ್ಚಿ ಕಟ್ಟುವುದು ಬೇಡ.

ಮಳೆಗಾಲದ ನಾಲ್ಕು ತಿಂಗಳು ಕಾರು ನಿಂತೇ ಇರುವುದಾದರೆ ಪ್ಲಾಸ್ಟಿಕ್ ತಾಡಪಾಲು ಮುಚ್ಚಬೇಡಿ, ಒಳಗೆ ಬೆವರಿ ಬೂಷ್ಟು ಹಿಡಿಯುತ್ತದೆ. ಗಾಳಿಯಾಡುವ ಬಟ್ಟೆಯ ಕವರ್ ಸಾಕು, ಅದೂ ಒಣಗಿದ ಕಾರಿಗೆ ಮಾತ್ರ. ಬಟ್ಟೆಗಂಟಿನಲ್ಲಿ ಇದ್ದಿಲು ಕಟ್ಟಿ ಸೀಟಿನಡಿ ಇಡಿ, ಆಗಾಗ ಬಿಸಿಲು ಬಂದಾಗ ಕಾಯಿಸಿ. ಹದಿನೈದು ದಿನಕ್ಕೊಮ್ಮೆ ಎಂಜಿನ್ ಚಾಲೂ ಇಟ್ಟು, ಶೆಡ್ಡಿನೊಳಗೇ ಟಾಪ್ ಒಮ್ಮೆ ತೆರೆದು ಮುಚ್ಚಿ. ಎಂಜಿನ್ ನಿಲ್ಲಿಸಿ ಮಾಡಿದರೆ ಬ್ಯಾಟರಿ ಸೋತು ಟಾಪ್ ನಡುದಾರಿಯಲ್ಲಿ ನಿಂತೀತು. ಹಳೆಯ ಹಂಚಿನ ಮನೆಯ ಮುಂಗಟ್ಟಿನಲ್ಲಿ ನಿಲ್ಲಿಸುವವರು ಮೊದಲು ಪಕಾಸಿಯ ಎತ್ತರ ಅಳೆಯಿರಿ. ಮಡಚುವಾಗ ಟಾಪ್ ಇದ್ದ ಎತ್ತರಕ್ಕಿಂತ ಬಹಳ ಮೇಲೆ ಎದ್ದು ಇಳಿಯುತ್ತದೆ, ಡಿಕ್ಕಿ ಮುಚ್ಚಳ ಹಿಂದಕ್ಕೂ ಬರುತ್ತದೆ.

ಇನ್ನು, ಬಟನ್ ಒತ್ತಿದರೂ ಟಾಪ್ ಅಲ್ಲಾಡದಿದ್ದರೆ ಮೆಕ್ಯಾನಿಕ್‌ಗೆ ಫೋನ್ ಹಚ್ಚುವ ಮುಂಚೆ ಡಿಕ್ಕಿ ತೆರೆಯಿರಿ. ಸಾಮಾನು ಇಡುವ ಜಾಗವನ್ನೂ ಟಾಪ್ ಕೂರುವ ಜಾಗವನ್ನೂ ಬೇರೆ ಮಾಡುವ ಒಂದು ಪರದೆ ಅಲ್ಲಿರುತ್ತದೆ. ಅದು ಕೊಂಡಿಯಲ್ಲಿ ಸರಿಯಾಗಿ ಕೂರದಿದ್ದರೆ ಟಾಪ್ ತೆರೆಯುವುದಿಲ್ಲ. ನಮ್ಮ ಮನೆಯಲ್ಲಂತೂ ಸಂತೆಯಿಂದ ತಂದ ತೆಂಗಿನಕಾಯಿ ಚೀಲ ಅದನ್ನು ಎತ್ತಿಟ್ಟಿರುತ್ತದೆ. ಮೀನಿನ ಪೆಟ್ಟಿಗೆ ಮಾತ್ರ ಆ ಡಿಕ್ಕಿಗೆ ಯಾವತ್ತೂ ಬೇಡ, ಐಸಿನ ಉಪ್ಪುನೀರು ಹರಿದು ಟಾಪಿನ ಮೋಟಾರು ಇರುವ ತಳಕ್ಕೇ ಇಳಿಯುತ್ತದೆ. ಮೀನಿಗೆ ಸ್ಕೂಟರ್ ಇದೆಯಲ್ಲ.