ಪಾಸ್‌ವರ್ಡ್ ಕಳಿಸಲೊಲ್ಲದ ಲೈಬ್ರರಿಯನ್ನು ಒಪ್ಪಿಸುವುದು ಹೇಗೆ?

‘ಸಾರ್, ಮೇಲ್ ಹೋಗ್ತಿಲ್ಲ’ ಎಂದು ಹೊಸ ಹುಡುಗರು ಲ್ಯಾಪ್‌ಟಾಪ್ ಹಿಡಿದು ಬಂದರೆ ಪರದೆಯ ಮೇಲೆ ಹೆಚ್ಚಾಗಿ ಕಾಣುವುದು ಎರಡೇ ಪದ: ‘ಅನ್‌ಎನ್‌ಕ್ರಿಪ್ಟೆಡ್ ಕನೆಕ್ಷನ್’. ಗೋ ಭಾಷೆಯಲ್ಲಿ ಪ್ರೋಗ್ರಾಂ ಬರೆದು ಮೇಲ್ ಕಳಿಸಲು ಹೊರಟವರು ಒಮ್ಮೆಯಾದರೂ ಎಡವುವ ಕಲ್ಲು ಇದು. ನನ್ನ ಹತ್ತಿರ ಬರುವವರು ಪರವಾಗಿಲ್ಲ. ಬಾರದವರು ಎಲ್ಲಿಂದಲೋ ಆ ಎರರಿನ ಬಾಯಿ ಮುಚ್ಚಿಸುವ ಎಂಟು ಸಾಲು ಕೋಡ್ ತಂದು ಅಂಟಿಸುತ್ತಾರೆ, ಮೇಲ್ ಹೋಗುತ್ತದೆ, ಎಲ್ಲರೂ ಟೀ ಕುಡಿಯಲು ಹೊರಡುತ್ತಾರೆ. ಆ ಎಂಟು ಸಾಲು ಅಲ್ಲೇ ಉಳಿದು, ಒಂದು ದಿನ ಪ್ರೊಡಕ್ಷನ್‌ಗೂ ಹೋಗಿ ಕೂರುತ್ತದೆ. ಅದೇ ಕೆಲಸವನ್ನು ನೋಡಿಕೊಂಡು ಮಾಡುವುದು ಹೀಗೆ.

ಹಂತ 1: ಎರರ್ ಪೂರ್ತಿ ಓದಿ

ಓದದೇ ಕೋಡ್ ಮುಟ್ಟುವುದೇ ಅರ್ಧ ಎಡವಟ್ಟು. ಗೋ ಜೊತೆಗೇ ಬರುವ ಎಸ್‌ಎಂಟಿಪಿ (ಮೇಲ್ ಕಳಿಸುವ ನಿಯಮಾವಳಿ) ಪ್ಯಾಕೇಜಿನಲ್ಲಿ, ಹೆಸರು-ಪಾಸ್‌ವರ್ಡ್ ಕೊಟ್ಟು ಲಾಗಿನ್ ಮಾಡಿಸುವ ‘ಪ್ಲೇನ್‌ಆಥ್’ ಎಂಬುದಿದೆ. ಸಂಪರ್ಕಕ್ಕೆ ಟಿಎಲ್‌ಎಸ್ ಎಂಬ ಎನ್‌ಕ್ರಿಪ್ಷನ್ (ನಡುವಿನವರಿಗೆ ಓದಲಾಗದ ಗುಪ್ತಲಿಪಿ) ಇರಬೇಕು, ಇಲ್ಲವೇ ಆಚೆಯ ಸರ್ವರ್ ಇದೇ ಕಂಪ್ಯೂಟರಿನಲ್ಲಿರಬೇಕು. ಎರಡೂ ಇಲ್ಲದಿದ್ದರೆ ಅದು ಪಾಸ್‌ವರ್ಡನ್ನು ಹೊರಗೇ ಬಿಡುವುದಿಲ್ಲ. ‘ಅನ್‌ಎನ್‌ಕ್ರಿಪ್ಟೆಡ್ ಕನೆಕ್ಷನ್’ ಎಂದರೆ ಇಷ್ಟೇ.

‘ರಾಂಗ್ ಹೋಸ್ಟ್ ನೇಮ್’ ಬಂದರೆ ಕಥೆ ಬೇರೆ: ಪ್ಲೇನ್‌ಆಥ್‌ಗೆ ಕೊಟ್ಟ ನಾಲ್ಕನೆಯ ಆರ್ಗ್ಯುಮೆಂಟಿಗೂ ನೀವು ಸಂಪರ್ಕಿಸುತ್ತಿರುವ ಸರ್ವರಿನ ಹೆಸರಿಗೂ ತಾಳೆಯಾಗಿಲ್ಲ. ‘ಸರ್ವರ್ ಡಸಂಟ್ ಸಪೋರ್ಟ್ ಆಥ್’ ಎಂದರೆ ಸರ್ವರೇ ಲಾಗಿನ್‌ಗೆ ಅವಕಾಶ ಕೊಟ್ಟಿಲ್ಲ. ಪೋಸ್ಟ್‌ಫಿಕ್ಸ್ ಎಂಬ ಮೇಲ್ ಸರ್ವರಿನಲ್ಲಿ ಟಿಎಲ್‌ಎಸ್ ಆದ ಮೇಲಷ್ಟೇ ಲಾಗಿನ್ ಎಂಬ ಸೆಟ್ಟಿಂಗ್ ಹಾಕಿಟ್ಟಿದ್ದರೆ ಹೀಗಾಗುತ್ತದೆ, ಜಿಮೇಲ್ ಸರ್ವರ್ ಕೂಡ ಹೀಗೇ. ಇಲ್ಲಿ ಲಾಗಿನ್ ಕೋಡಿನಲ್ಲಿ ಏನು ತಿದ್ದಿದರೂ ಪ್ರಯೋಜನವಿಲ್ಲ, ಮೊದಲು ಟಿಎಲ್‌ಎಸ್ ಆಗಬೇಕು.

ಇನ್ನು ಸರ್ವರಿನ ಗುರುತು ತೋರಿಸುವ ಸರ್ಟಿಫಿಕೇಟ್ ಬಗ್ಗೆ ಗೊಣಗುವ ಎರರ್. ಅಲ್ಲಿ ಎನ್‌ಕ್ರಿಪ್ಷನ್ ಇದೆ, ನಂಬಿಕೆ ಇಲ್ಲ. ಆ ಸರ್ಟಿಫಿಕೇಟನ್ನು ನಂಬುವ ಪಟ್ಟಿಗೆ ಸೇರಿಸಿ, ಮುಗಿಯಿತು. ಪರಿಶೀಲನೆಯನ್ನೇ ಬಿಟ್ಟುಬಿಡುವ ‘ಇನ್‌ಸೆಕ್ಯೂರ್ ಸ್ಕಿಪ್ ವೆರಿಫೈ’ ಎಂದು ಬರೆದು ಕೈ ತೊಳೆದುಕೊಳ್ಳುವವರನ್ನು ಕಂಡರೆ ನನಗೆ ಆಗುವುದಿಲ್ಲ.

ಹಂತ 2: ಸರ್ವರನ್ನೇ ಕೇಳಿ

ಟೆಲ್‌ನೆಟ್‌ನಲ್ಲಿ ಸರ್ವರಿಗೆ ಸಂಪರ್ಕಿಸಿ, ‘ನಿನಗೆ ಏನೇನು ಬರುತ್ತದೆ’ ಎಂದು ಕೇಳುವ ‘ಇಹ್ಲೋ’ ಆಜ್ಞೆ ಕೊಡಿ. ಉತ್ತರದ ಪಟ್ಟಿಯಲ್ಲಿ ‘ಸ್ಟಾರ್ಟ್‌ಟಿಎಲ್‌ಎಸ್’ (ಬಯಲಲ್ಲಿ ಶುರುವಾದ ಸಂಪರ್ಕವನ್ನು ಟಿಎಲ್‌ಎಸ್‌ಗೆ ಬದಲಿಸುವ ಸೌಲಭ್ಯ) ಇದ್ದರೆ ಗೋ ತಾನಾಗಿಯೇ ಎನ್‌ಕ್ರಿಪ್ಷನ್‌ಗೆ ಹೊರಳುತ್ತದೆ, ಈ ಲೇಖನ ನಿಮಗೆ ಬೇಡ. 465ನೇ ಪೋರ್ಟ್ ಆದರೆ ಮೊದಲ ಬೈಟಿನಿಂದಲೇ ಟಿಎಲ್‌ಎಸ್. ಅಲ್ಲಿಗೆ ಗೋದ ಮಾಮೂಲಿ ‘ಸೆಂಡ್‌ಮೇಲ್’ ಫಂಕ್ಷನ್ ಕರೆದರೆ ಪ್ರೋಗ್ರಾಂ ಸುಮ್ಮನೆ ನೇತಾಡುತ್ತದೆ: ಸರ್ವರಿನ ಸ್ವಾಗತವಾಕ್ಯಕ್ಕೆ ನೀವು ಕಾಯುತ್ತೀರಿ, ನಿಮ್ಮ ಟಿಎಲ್‌ಎಸ್ ಕೈಕುಲುಕಿಗೆ ಸರ್ವರ್ ಕಾಯುತ್ತದೆ. ಮೊದಲು ಟಿಎಲ್‌ಎಸ್ ಸಂಪರ್ಕ ಮಾಡಿ, ಅದರ ಮೇಲೆ ಎಸ್‌ಎಂಟಿಪಿ ಕ್ಲೈಂಟ್ ಕಟ್ಟಿ. ಅದಾದ ಮೇಲೆ ಪ್ಲೇನ್‌ಆಥ್ ತಕರಾರು ಮಾಡುವುದಿಲ್ಲ.

ಇಹ್ಲೋ ಪಟ್ಟಿಯಲ್ಲಿ ‘ಕ್ರ್ಯಾಮ್-ಎಂಡಿ5’ ಕಂಡರೂ ಅರ್ಧ ಗೆದ್ದಂತೆ. 1997ರಷ್ಟು ಹಳೆಯ ಲಾಗಿನ್ ಪದ್ಧತಿ ಇದು. ಸಿಕ್ಕಿಬಿದ್ದ ಸಂಭಾಷಣೆಯನ್ನು ಇಟ್ಟುಕೊಂಡು ದುರ್ಬಲ ಪಾಸ್‌ವರ್ಡನ್ನು ಊಹಿಸಿ ನೋಡಬಹುದು, ನಿಜ. ಆದರೆ ಪಾಸ್‌ವರ್ಡ್ ತಂತಿಯ ಮೇಲೆ ಹೋಗುವುದೇ ಇಲ್ಲ. ಗೋದಲ್ಲೇ ಇದಕ್ಕೊಂದು ಫಂಕ್ಷನ್ ಇದೆ, ಅದನ್ನೇ ಬಳಸಿ.

ಹಂತ 3: ಏನು ಹೋಗುತ್ತದೆ, ಕಣ್ಣಾರೆ ನೋಡಿ

‘ಬೇಸ್64 ಮಾಡಿರ್ತೀವಲ್ಲ ಸಾರ್?’ ಎಂದು ಪ್ರತಿ ವರ್ಷ ಯಾರಾದರೂ ಕೇಳುತ್ತಾರೆ. ಚಿಕ್ಕಂದಿನಲ್ಲಿ ಅಕ್ಷರಕ್ಕೊಂದು ‘ಕ’ ಸೇರಿಸಿ ‘ಕ’ ಭಾಷೆ ಆಡುತ್ತಿದ್ದೆವಲ್ಲ, ಬೇಸ್64 ಅಷ್ಟೇ ಗುಟ್ಟು. ಪ್ಲೇನ್ ಪದ್ಧತಿಯಲ್ಲಿ ಬಳಕೆದಾರನ ಹೆಸರು, ಪಾಸ್‌ವರ್ಡ್ ಎರಡನ್ನೂ ನಡುವೆ ಶೂನ್ಯ ಬೈಟ್ ಇಟ್ಟು ಜೋಡಿಸಿ ಬೇಸ್64ಗೆ ತಿರುಗಿಸುತ್ತಾರೆ. ಟೆಸ್ಟ್ ಸರ್ವರಿಗೆ ಲಾಗಿನ್ ಆಗುವಾಗ ಪಕ್ಕದಲ್ಲಿ, ನೆಟ್‌ವರ್ಕಿನಲ್ಲಿ ಹೋಗುವುದನ್ನು ತೋರಿಸುವ ಟಿಸಿಪಿಡಂಪ್ ಓಡಿಸಿ, ಕಂಡ ಸಾಲನ್ನು ಡಿಕೋಡ್ ಮಾಡಿ. ಎರಡು ನಿಮಿಷದ ಕೆಲಸ. ಇದನ್ನು ನೋಡದವರಿಗೆ ಮುಂದಿನ ಹಂತ ನಾನು ಹೇಳಿಕೊಡುವುದಿಲ್ಲ.

ಹಂತ 4: ಪಾಸ್‌ವರ್ಡ್ ಬೇಕೇ ಬೇಕೆ?

ಸರ್ವರ್ ನಿಮ್ಮದೇ ಆಫೀಸಿನ ನೆಟ್‌ವರ್ಕಿನಲ್ಲಿದ್ದರೆ ನಿಮ್ಮ ಯಂತ್ರದ ಐಪಿ ವಿಳಾಸಕ್ಕೆ ಮಾತ್ರ ಲಾಗಿನ್ ಇಲ್ಲದೆ ಕಳಿಸಲು ಅನುಮತಿ ಕೇಳಿ, ಆಥ್ ಜಾಗದಲ್ಲಿ ‘ನಿಲ್’ (ಏನೂ ಇಲ್ಲ) ಕೊಡಿ. ಬಯಲಲ್ಲಿ ಪಾಸ್‌ವರ್ಡ್ ಕಳಿಸುವುದಕ್ಕಿಂತ ಕಳಿಸದೇ ಇರುವುದು ವಾಸಿ. ಸರ್ವರ್ ಯಂತ್ರಕ್ಕೆ ಎಸ್‌ಎಸ್‌ಎಚ್ (ದೂರದ ಯಂತ್ರಕ್ಕೆ ಎನ್‌ಕ್ರಿಪ್ಟ್ ಆದ ದಾರಿ) ಲಾಗಿನ್ ಇದ್ದರೆ ಇನ್ನೂ ಒಳ್ಳೆಯದು: ನಿಮ್ಮ ಕಡೆಯ 2525ನೇ ಪೋರ್ಟಿನಿಂದ ಅದರ 25ನೇ ಪೋರ್ಟಿಗೆ ಸುರಂಗ ಹಾಕಿ, ಲೋಕಲ್‌ಹೋಸ್ಟ್‌ಗೆ ಸಂಪರ್ಕಿಸಿ. ಲೈಬ್ರರಿಯೂ ಒಪ್ಪುತ್ತದೆ, ದಾರಿಯೂ ನಿಜಕ್ಕೂ ಎನ್‌ಕ್ರಿಪ್ಟ್ ಆಗಿರುತ್ತದೆ.

ಹಂತ 5: ಬೇರೆ ದಾರಿಯೇ ಇಲ್ಲದಿದ್ದರೆ

ಟಿಎಲ್‌ಎಸ್ ಕಾಣದ ಹಳೆಯ ರಿಲೇ (ಮೇಲನ್ನು ಮುಂದಕ್ಕೆ ದಾಟಿಸುವ ಸರ್ವರ್), ಅದರ ಅಡ್ಮಿನ್ ಎರಡು ವರ್ಷದಿಂದ ‘ಮುಂದಿನ ವಾರ’ ಎನ್ನುತ್ತಿದ್ದಾನೆ. ಆಗಲಿ. ಟಿಎಲ್‌ಎಸ್ ಇದೆ ಎಂದು ಲೈಬ್ರರಿಗೆ ಒಂದು ಸುಳ್ಳು ಹೇಳಬೇಕು. ಆದರೆ ಆ ಸುಳ್ಳು ಒಂದೇ ಸರ್ವರಿಗೆ ಸಲ್ಲಬೇಕು.

ಗೋದಲ್ಲಿ ‘ಆಥ್’ ಒಂದು ಇಂಟರ್‌ಫೇಸ್. ‘ಸ್ಟಾರ್ಟ್’, ‘ನೆಕ್ಸ್ಟ್’ ಎಂದು ಎರಡೇ ಮೆಥಡ್. ನಿಮ್ಮದೊಂದು ಸ್ಟ್ರಕ್ಟ್ ಮಾಡಿ ಅದರೊಳಗೆ ಆಥ್ ಅನ್ನು ಎಂಬೆಡ್ ಮಾಡಿ. ಜೊತೆಗೆ ‘ಅನುಮತಿಸಿದ ಸರ್ವರ್’ ಎಂದು ಇನ್ನೊಂದು ಫೀಲ್ಡ್ ಇಡಿ. ಅಂಟಿಸುವ ಎಂಟು ಸಾಲಿನಲ್ಲಿ ಕಾಣೆಯಾಗಿರುವುದು ಈ ಫೀಲ್ಡೇ. ‘ನೆಕ್ಸ್ಟ್’ ಒಳಗಿನದ್ದೇ ಸಾಕು, ನೀವು ಬರೆಯಬೇಕಾದದ್ದು ‘ಸ್ಟಾರ್ಟ್’ ಮಾತ್ರ. ಅದಕ್ಕೆ ಸರ್ವರ್ ಮಾಹಿತಿಯ ಪಾಯಿಂಟರ್ ಸಿಗುತ್ತದೆ: ಹೆಸರು, ಟಿಎಲ್‌ಎಸ್ ಇದೆಯೋ ಇಲ್ಲವೋ, ಯಾವ ಯಾವ ಲಾಗಿನ್ ಪದ್ಧತಿ.

ಮೊದಲು ಹೆಸರು ಹೋಲಿಸಿ. ಅನುಮತಿಸಿದ್ದಲ್ಲವೆಂದರೆ ಬಂದದ್ದನ್ನು ಬಂದ ಹಾಗೆಯೇ ಒಳಗಿನ ‘ಸ್ಟಾರ್ಟ್’ಗೆ ದಾಟಿಸಿ, ಬೇಡ ಎನ್ನುವ ಕೆಲಸವನ್ನು ಅದೇ ನೋಡಿಕೊಳ್ಳುತ್ತದೆ. ಹೆಸರು ಹೊಂದಿದರೆ ಮಾಹಿತಿಯ ನಕಲು ತೆಗೆದು, ನಕಲಿನಲ್ಲಿ ಮಾತ್ರ ಟಿಎಲ್‌ಎಸ್ ‘ಟ್ರೂ’ ಮಾಡಿ, ನಕಲಿನ ಪಾಯಿಂಟರ್ ಕೊಡಿ. ಮೂಲವನ್ನು ತಿದ್ದಬೇಡಿ. ಬೇರೆಯವರು ಕೊಟ್ಟ ಪಾಯಿಂಟರಿನೊಳಗೆ ಕೈ ಹಾಕುವುದು ಕೆಟ್ಟ ಅಭ್ಯಾಸ.

ಈ ಫೀಲ್ಡಿಗೆ ಇಷ್ಟು ಮಹತ್ವ ಯಾಕೆಂದರೆ, ಸ್ಟಾರ್ಟ್‌ಟಿಎಲ್‌ಎಸ್ ಶುರುವಾಗುವುದೇ ಬಯಲಿನಲ್ಲಿ. ನಡುವೆ ಕುಳಿತವನು ಇಹ್ಲೋ ಉತ್ತರದಿಂದ ಆ ಒಂದು ಪದ ಅಳಿಸಿದರೆ ಸಾಕು, ಸರ್ವರಿಗೆ ಎನ್‌ಕ್ರಿಪ್ಷನ್ ಬರುವುದಿಲ್ಲವೆಂದು ಗೋ ಅಂದುಕೊಂಡು ಹಾಗೆಯೇ ಮುಂದುವರಿಯುತ್ತದೆ. ಆಗ ಪಾಸ್‌ವರ್ಡನ್ನು ತಡೆಯುತ್ತಿದ್ದದ್ದು ಪ್ಲೇನ್‌ಆಥ್‌ನ ಹಟ ಮಾತ್ರ. ಎಲ್ಲ ಸರ್ವರಿಗೂ ಸುಳ್ಳು ಹೇಳುವ ಕೋಡ್ ಆ ಹಟವನ್ನೂ ಮುರಿದಿರುತ್ತದೆ. ನಾಳೆ ಯಾರೋ ಕಾನ್ಫಿಗ್‌ನಲ್ಲಿ ಸರ್ವರ್ ಬದಲಿಸಿ ಹೊರಗಿನ ಸೇವೆಗೆ ಹೋದರೂ ಎರರ್ ಬರದು, ಯಾರಿಗೂ ಗೊತ್ತಾಗದು.

ಎನ್‌ಕ್ರಿಪ್ಷನ್ ಇಲ್ಲದ ಕಡೆ ಸರ್ವರಿನ ಹೆಸರಿಗೂ ಸಾಕ್ಷಿಯಿಲ್ಲ. ನೀವು ಬರೆದದ್ದೇ ಹೆಸರು. ಹಾಗಾಗಿ ನಾನು ಹೆಸರಿನ ಬದಲು ಒಳ ನೆಟ್‌ವರ್ಕಿನ ಐಪಿ ವಿಳಾಸವನ್ನೇ ಹಾಕುತ್ತೇನೆ. ಹೆಸರಿಗೆ ವಿಳಾಸ ಹುಡುಕಿಕೊಡುವ ಡಿಎನ್‌ಎಸ್‌ನ ಆಟ ಆಗ ನಡೆಯದು. ಈ ಕೆಲಸಕ್ಕೆಂದೇ ಬೇರೆ ಖಾತೆ, ಬೇರೆ ಪಾಸ್‌ವರ್ಡ್ ಮಾಡಿಸಿ. ನಾನು ಕಂಡ ಒಂದು ಆಫೀಸಿನಲ್ಲಿ ಹೀಗೆ ಬಯಲಲ್ಲಿ ಓಡಾಡುತ್ತಿದ್ದ ಪಾಸ್‌ವರ್ಡೇ ಹಾಜರಾತಿಗೂ ಸಂಬಳದ ಚೀಟಿಗೂ ಆಗುತ್ತಿತ್ತು.

ಹಂತ 6: ‘ಗೋ-ಮೇಲ್’ ಬಳಸುವವರಿಗೆ

ಗೋದಲ್ಲಿ ಮೇಲ್ ಕಳಿಸಲು ಬೇರೆಯವರು ಬರೆದ ಈ ಲೈಬ್ರರಿಯಲ್ಲಿ ಸ್ಟ್ರಕ್ಟ್ ಕಟ್ಟುವ ಗೋಜಿಲ್ಲ. ಲಾಗಿನ್ ಪದ್ಧತಿಯ ಹೆಸರಿನ ಕೊನೆಗೆ ‘ನೋಎನ್ಕ್’ ಇರುವ ಆಯ್ಕೆಗಳಿವೆ, ಪ್ಲೇನ್‌ಗೆ ಒಂದು, ಲಾಗಿನ್‌ಗೆ ಒಂದು. ಅದಷ್ಟನ್ನೇ ಬದಲಿಸಿ ‘ಇನ್ನೂ ಆಗ್ತಿಲ್ಲ’ ಎಂದು ತಲೆ ಕೆರೆದುಕೊಳ್ಳುವವರೇ ಜಾಸ್ತಿ. ಟಿಎಲ್‌ಎಸ್ ಕಡ್ಡಾಯ ಎಂಬ ನೀತಿ ಅಲ್ಲಿ ಮೊದಲೇ ಹಾಕಿರುತ್ತದೆ, ಅದನ್ನೂ ‘ನೋಟಿಎಲ್‌ಎಸ್’ ಮಾಡಬೇಕು. ಎರಡು ಕಡೆ ಕೈಯಾರೆ ಬರೆಯಬೇಕಾದ್ದರಿಂದ ಕೋಡ್ ಪರಿಶೀಲಿಸುವವರ ಕಣ್ಣಿಗೂ ಬೀಳುತ್ತದೆ. ಹೊಸ ಕೆಲಸಕ್ಕೆ ನಾನು ಇದನ್ನೇ ಹೇಳುವುದು.

ಹಂತ 7: ಡಾಕರ್ ತಮಾಷೆ

‘ಲ್ಯಾಪ್‌ಟಾಪ್‌ನಲ್ಲಿ ಓಡುತ್ತೆ, ಕಂಟೇನರ್‌ನಲ್ಲಿ ಓಡಲ್ಲ.’ ಕಾರಣ ಸರಳ. ಲೋಕಲ್ ಎಂದು ಪ್ಲೇನ್‌ಆಥ್ ಒಪ್ಪುವುದು ಮೂರೇ ಹೆಸರನ್ನು: ‘ಲೋಕಲ್‌ಹೋಸ್ಟ್’, 127.0.0.1 ಮತ್ತು ಐಪಿವಿ6ನಲ್ಲಿ ಅದಕ್ಕೆ ಸಮನಾದದ್ದು. ಡಾಕರ್ ಕಂಟೇನರ್‌ಗಳನ್ನು ಹೊಂದಿಸುವ ಕಂಪೋಸ್ ಫೈಲಿನಲ್ಲಿ, ಮೇಲನ್ನು ಹೊರಗೆ ಬಿಡದೆ ಹಿಡಿದಿಡುವ ಟೆಸ್ಟ್ ಸರ್ವರ್ ಮೇಲ್‌ಪಿಟ್‌ನ ಹೆಸರು ‘ಮೇಲ್‌ಪಿಟ್’ ಆದ ಕ್ಷಣ ಅದು ಪರಕೀಯ. ಟೆಸ್ಟಿಗೆ ಆಥ್ ‘ನಿಲ್’ ಇಟ್ಟರೆ ಸಾಕು. ಲಾಗಿನ್ ದಾರಿಯನ್ನೂ ಪರೀಕ್ಷಿಸಬೇಕೆಂದರೆ ಮೇಲ್‌ಪಿಟ್‌ನಲ್ಲೂ ಟಿಎಲ್‌ಎಸ್ ಇಲ್ಲದ ಲಾಗಿನ್‌ಗೆ ಬೇರೆ ಸೆಟ್ಟಿಂಗ್ ಇದೆ, ಅದನ್ನು ಮರೆಯಬೇಡಿ. ಅದೇ ಬಗೆಯ ಹಳೆಯ ಮೇಲ್‌ಹಾಗ್ ಇನ್ನೂ ಬಳಸುತ್ತಿದ್ದರೆ ಬಿಡಿ, ಅದರ ಆರೈಕೆ ನಿಂತು ವರ್ಷಗಳಾದವು.

ಹಂತ 8: ಒಂದು ಟೆಸ್ಟ್

ಅನುಮತಿಸದ ಯಾವುದಾದರೂ ಹೆಸರು ಕೊಟ್ಟು, ಟಿಎಲ್‌ಎಸ್ ‘ಫಾಲ್ಸ್’ ಇಟ್ಟು, ನಿಮ್ಮ ‘ಸ್ಟಾರ್ಟ್’ ಕರೆಯಿರಿ. ಒಳಗಿನ ಪ್ಲೇನ್‌ಆಥ್‌ಗೂ ಅದೇ ಹೆಸರು ಕೊಟ್ಟಿರಬೇಕು, ಇಲ್ಲದಿದ್ದರೆ ನಿಮ್ಮ ಕೋಡ್ ಎಲ್ಲ ಸರ್ವರಿಗೂ ಸುಳ್ಳು ಹೇಳುತ್ತಿದ್ದರೂ ‘ರಾಂಗ್ ಹೋಸ್ಟ್ ನೇಮ್’ ಬಂದು, ಎರರ್ ಬಂತಲ್ಲ ಎಂದು ಟೆಸ್ಟ್ ಸುಳ್ಳೇ ಪಾಸಾಗುತ್ತದೆ. ನಾನೇ ಒಂದು ಸಲ ಹೀಗೆ ಮೋಸ ಹೋಗಿದ್ದೇನೆ. ಬರಬೇಕಾದದ್ದು ‘ಅನ್‌ಎನ್‌ಕ್ರಿಪ್ಟೆಡ್ ಕನೆಕ್ಷನ್’ ಎಂಬ ಎರರೇ. ಅದು ಬಂದ ಮೇಲೆ ಟೀಗೆ ಹೋಗಬಹುದು.