ಆಸ್ಟ್ರೇಲಿಯಾದಲ್ಲಿ ಕೌಟುಂಬಿಕ ಮಧ್ಯಸ್ಥಿಕೆ: ಹುಬ್ಬಳ್ಳಿ-ಧಾರವಾಡ ಕಡೆಯವರಿಗೆ

ಗಂಡ-ಹೆಂಡತಿ ಬೇರೆಯಾದ ಮೇಲೆ ಮಕ್ಕಳ ವಿಷಯಕ್ಕೆ ಇಲ್ಲಿ ನೇರವಾಗಿ ಕೋರ್ಟಿಗೆ ಹೋಗಲು ಬರುವುದಿಲ್ಲ. ಮೊದಲು ಮಾನ್ಯತೆ ಪಡೆದ ಮಧ್ಯಸ್ಥರಿಂದ 60ಐ ಸರ್ಟಿಫಿಕೇಟ್, ಅಂದರೆ ಮಧ್ಯಸ್ಥಿಕೆ ಏನಾಯಿತೆಂದು ತಿಳಿಸುವ ಪತ್ರ, ತರಬೇಕು. ಮನೆಯಲ್ಲಿ ಹೊಡೆತ-ಬಡಿತವಿದ್ದರೆ, ಮಗುವಿಗೆ ಅಪಾಯವಿದ್ದರೆ, ತುರ್ತಿದ್ದರೆ ವಿನಾಯಿತಿಯುಂಟು. ಅಂಥವರು ಯಾರದೋ ಒತ್ತಾಯಕ್ಕೆ ಕೂರಬಾರದು.

ಮೊದಲ ಭೇಟಿ ಇಬ್ಬರಿಗೂ ಪ್ರತ್ಯೇಕ. ಭಯವಿದ್ದರೆ ಆಗಲೇ ಹೇಳಿ; ಬೇರೆ ಬೇರೆ ಕೋಣೆಯಲ್ಲೋ ಫೋನಿನಲ್ಲೋ ಮಾತುಕತೆ ನಡೆಸಬಹುದು. ದುಭಾಷಿಯನ್ನೂ ಆಗಲೇ ಕೇಳಿ. ಆಫೀಸಿನ ಇಂಗ್ಲಿಷ್ ಸಿಟ್ಟು ಬಂದಾಗ ಸಾಲುವುದಿಲ್ಲ.

ನಮ್ಮ ಕಡೆ ಸೋದರಮಾವ, ಊರ ಹಿರಿಯರು ಕೂತು ಬಗೆಹರಿಸುವುದು ರೂಢಿ. ಇಲ್ಲಿ ಒಪ್ಪಿಗೆ ನಿಮ್ಮಿಬ್ಬರದೇ. ಧಾರವಾಡದವರಿಗೆ ಕೇಳಲೆಂದು ಗುಟ್ಟಾಗಿ ಫೋನ್ ಹಚ್ಚಿಟ್ಟರೆ ಗೋಪ್ಯತೆ ಮುರಿದಂತೆ. ಎಲ್ಲ ಒಪ್ಪಿಕೊಂಡು ಕೊನೆಗೆ ‘ಅಪ್ಪಾನ್ನ ಕೇಳಿ ಹೇಳ್ತೀನಿ’ ಅಂದರೆ ಅಷ್ಟೂ ಹೊತ್ತು ಮಾತಾಡಿದ್ದು ವ್ಯರ್ಥ. ಹಿರಿಯರ ಅಭಿಪ್ರಾಯವನ್ನು ಹಿಂದಿನ ದಿನವೇ ಕೇಳಿಕೊಂಡು ಬನ್ನಿ. ಮಧ್ಯಸ್ಥಿಕೆಯಲ್ಲಿ ಆಡಿದ ಮಾತನ್ನು ಸಾಮಾನ್ಯವಾಗಿ ಕೋರ್ಟಿನಲ್ಲಿ ಸಾಕ್ಷಿಯಾಗಿ ಬಳಸುವಂತಿಲ್ಲ, ಆದ್ದರಿಂದ ಬಿಚ್ಚಿ ಮಾತಾಡಬಹುದು. ಮಗುವಿಗೆ ಅಪಾಯದ ಸುಳಿವು ಸಿಕ್ಕರೆ ಮಾತ್ರ ಮಧ್ಯಸ್ಥರು ಸುಮ್ಮನಿರುವುದಿಲ್ಲ.

ಒಪ್ಪಂದ ಉಳಿಯುವುದು ವಿವರದಿಂದ. ‘ಡಿಸೆಂಬರ್ ರಜೆಗೆ ಊರಿಗೆ’ ಎಂದಷ್ಟೇ ಬರೆದರೆ ಮುಂದಿನ ಡಿಸೆಂಬರಿಗೆ ಮತ್ತೆ ಜಗಳ. ಯಾವ ದಿನಾಂಕ, ಎಷ್ಟು ವಾರ ಮೊದಲು ತಿಳಿಸಬೇಕು, ರಿಟರ್ನ್ ಟಿಕೆಟ್, ಪಾಸ್‌ಪೋರ್ಟ್ ಯಾರ ಬಳಿ, ಎಲ್ಲವೂ ಇರಲಿ. ಬೇರೆ ದೇಶಕ್ಕೆ ಒಯ್ದ ಮಗುವನ್ನು ವಾಪಸ್ ಕಳಿಸಲು ದೇಶಗಳು ಮಾಡಿಕೊಂಡ, ಮಕ್ಕಳ ಅಪಹರಣ ಕುರಿತ ಹೇಗ್ ಒಪ್ಪಂದಕ್ಕೆ ಭಾರತ ಸೇರಿಲ್ಲ. ಮಗು ಹಿಂತಿರುಗದಿದ್ದರೆ ಎಂಬ ಎದುರಿನವರ ಹೆದರಿಕೆ ಸುಳ್ಳಲ್ಲ. ಅಜ್ಜ-ಅಜ್ಜಿಯ ವಿಡಿಯೋ ಕರೆಗೆ ಒಂದೇ ಊರಿನ ಗಡಿಯಾರ ಬರೆಯಿರಿ: ಸಿಡ್ನಿ ಹುಬ್ಬಳ್ಳಿಗಿಂತ ಇಲ್ಲಿನ ಚಳಿಗಾಲದಲ್ಲಿ ನಾಲ್ಕೂವರೆ, ಇಲ್ಲಿನ ಬೇಸಿಗೆಯಲ್ಲಿ ಐದೂವರೆ ತಾಸು ಮುಂದು.

ಆಸ್ತಿಗೆ 60ಐ ಬೇಕಿಲ್ಲ, ಆದರೆ ಹಣಕಾಸನ್ನು ಪೂರ್ತಿ ಬಿಚ್ಚಿಡುವ ಹೊಣೆ 2025ರ ಜೂನ್‌ನಿಂದ ಕಾನೂನಿನಲ್ಲೇ ಬರೆದಿದೆ. ಹುಬ್ಬಳ್ಳಿಯ ಸೈಟು, ಗದಗಿನ ಹೊಲ, ಲಾಕರಿನ ಬಂಗಾರ ಎಲ್ಲವೂ ಲೆಕ್ಕಕ್ಕೆ. ಉತಾರ ತರಿಸಿಕೊಳ್ಳಿ, ಅಣ್ಣ-ತಮ್ಮಂದಿರೊಡನೆ ಪಾಲಾಗದ ಹೊಲವಿದ್ದರೆ ಹಾಗೆಂದೇ ತೋರಿಸಿ. ಮುಚ್ಚಿಟ್ಟದ್ದು ಆಮೇಲೆ ಹೊರಬಿದ್ದರೆ ಆದೇಶವೇ ರದ್ದಾಗಬಹುದು. ಆಸ್ತಿಯ ಅರ್ಜಿಗೆ ವಿಚ್ಛೇದನ ಜಾರಿಯಾದ ದಿನದಿಂದ 12 ತಿಂಗಳ ಗಡುವು.

ಇಬ್ಬರೂ ಸಹಿ ಹಾಕಿದ ಪೇರೆಂಟಿಂಗ್ ಪ್ಲಾನ್ (ಮಕ್ಕಳ ಪಾಲನೆಯ ಲಿಖಿತ ಒಪ್ಪಂದ) ಅಷ್ಟಕ್ಕೇ ಕೋರ್ಟಿನ ಆದೇಶವಾಗದು. ಅದನ್ನು ಕನ್ಸೆಂಟ್ ಆರ್ಡರ್, ಅಂದರೆ ಇಬ್ಬರ ಒಪ್ಪಿಗೆಯ ಮೇಲೆ ಕೋರ್ಟು ಕೊಡುವ ಆದೇಶ, ಮಾಡಿಸಿ. ಮಾತುಕತೆ ಮುರಿದುಬಿದ್ದರೆ 60ಐ ಸರ್ಟಿಫಿಕೇಟ್ 12 ತಿಂಗಳು ನಡೆಯುತ್ತದೆ. ಆದರೆ ‘ಪ್ರಾಮಾಣಿಕವಾಗಿ ಪ್ರಯತ್ನಿಸಲಿಲ್ಲ’ ಎಂದು ಅದರಲ್ಲಿ ಬಂದರೆ ಎದುರಿನವರ ಖರ್ಚು ನಿಮ್ಮ ತಲೆಗೆ ಬೀಳಬಹುದು.