ಹಳೇ ಅಮೇರಿಕನ್ ಕಾರು ಇಟ್ಕೊಳ್ಳೋರಿಗೆ: ವರ್ಷಕ್ಕೆ ಏನ್ ಮಾಡ್ಬೇಕು, ಎಷ್ಟು ಖರ್ಚಾಗುತ್ತೆ

ಅಮೇರಿಕಾದಲ್ಲಿ 60ರ ದಶಕದ ಕಾರು ತಗೊಳ್ಳೋಕೆ ಹೊರಟವ್ರು ಮೊದ್ಲು ಕೇಳೋದೇ ಪಾರ್ಟ್ಸ್ ಸಿಗುತ್ತಾ ಅಂತ. ಫೋರ್ಡ್ ಮಸ್ಟಾಂಗ್, ಶೆವ್ರೊಲೆ ಕಮಾರೋ ಆದ್ರೆ ಧಾರಾಳವಾಗಿ ಸಿಗುತ್ತೆ, ಯಾಕಂದ್ರೆ ಮಸ್ಟಾಂಗ್ 1964ರ ಏಪ್ರಿಲಲ್ಲಿ ಬಂದು ಮೊದಲ ವರ್ಷದಲ್ಲೇ 4 ಲಕ್ಷಕ್ಕಿಂತ ಜಾಸ್ತಿ ಮಾರಾಟ ಆಗಿತ್ತು, ಇವತ್ತಿಗೂ ಅದರ ಪಾರ್ಟ್ಸ್ ಹೊಸದಾಗಿ ಮಾಡಿ ಮಾರ್ತಾರೆ. ಸ್ಟುಡಿಬೇಕರ್, ಪ್ಯಾಕಾರ್ಡ್ ತರ ಮುಚ್ಚಿಹೋದ ಕಂಪನಿ ಗಾಡಿ ಆದ್ರೆ ತಾಳ್ಮೆನೂ ಬೇಕು ದುಡ್ಡೂ ಬೇಕು.

ಮೊದಲನೇ ದುಡ್ಡು ಬ್ರೇಕಿಗೆ ಹಾಕಿ, ಪೇಂಟು ಕ್ರೋಮು ಎಲ್ಲ ಆಮೇಲೆ. ನಂದು 66ನೇ ಮಾಡೆಲ್ ಮಸ್ಟಾಂಗ್, 289 ವಿ8 (289 ಘನ ಇಂಚಿನ ಎಂಟು ಸಿಲಿಂಡರ್ ಇಂಜಿನ್). ಆ ಕಾಲದ ಬಹಳಷ್ಟು ಗಾಡೀಲಿ ಮಾಸ್ಟರ್ ಸಿಲಿಂಡರಿಗೆ (ಪೆಡಲ್ ಒತ್ತಿದಾಗ ಬ್ರೇಕ್ ಫ್ಲೂಯಿಡನ್ನ ಚಕ್ರಗಳಿಗೆ ತಳ್ಳೋ ಪಂಪು) ಒಂದೇ ರಿಸರ್ವಾಯರ್, ಅಂದ್ರೆ ಫ್ಲೂಯಿಡ್ ಡಬ್ಬಿ, 1967ರಿಂದ ಎರಡು ಬಂತು. ಒಂದೇ ಇದ್ರೆ ಒಂದು ಚಕ್ರದ ಹತ್ರ ಲೀಕ್ ಆದ್ರೂ ನಾಲ್ಕೂ ಬ್ರೇಕ್ ಹೋಗುತ್ತೆ. ನನಗೆ ಹಿಂದಿನ ವೀಲ್ ಸಿಲಿಂಡರ್ (ಚಕ್ರದಲ್ಲಿ ಬ್ರೇಕ್ ಒತ್ತೋ ಭಾಗ) ಸೋರಿ ಪೆಡಲ್ ಸೀದಾ ನೆಲಕ್ಕೆ ಹೋಯ್ತು, ಗಾಡಿ ಇನ್ನೂ ಮನೆ ಮುಂದೆನೇ ಇತ್ತು ಅಂತ ಬಚಾವಾದೆ, ಆ ಸಿಲಿಂಡರ್ ಬೆಲೆ ಇಪ್ಪತ್ತು ಡಾಲರ್ ಅಷ್ಟೇ. ಅದಕ್ಕೇ ಹೇಳೋದು, ತಗೊಂಡ ತಕ್ಷಣ ನಾಲ್ಕೂ ಚಕ್ರದ ಬ್ರೇಕ್ ಡ್ರಮ್ ಬಿಚ್ಚಿ ನೋಡಿ, ರಬ್ಬರ್ ಹೋಸ್‌ಗಳ ವಯಸ್ಸು ಗೊತ್ತಿಲ್ಲ ಅಂದ್ರೆ ಎಲ್ಲಾ ಬದಲಾಯಿಸಿ, ಬ್ರೇಕ್ ಫ್ಲೂಯಿಡ್ ಗಾಳೀಲಿರೋ ನೀರು ಹೀರ್ಕೊಳ್ಳುತ್ತೆ ಸೋ ಎರಡು ವರ್ಷಕ್ಕೊಮ್ಮೆ ಪೂರ್ತಿ ತೆಗೆದು ಹೊಸದು ಹಾಕಿ. ಆಗೋದಾದ್ರೆ ಎರಡು ರಿಸರ್ವಾಯರ್ ಇರೋ ಮಾಸ್ಟರ್ ಸಿಲಿಂಡರಿಗೆ ಕನ್ವರ್ಟ್ ಮಾಡಿಸ್ಕೊಳ್ಳಿ.

ಆಯಿಲ್ 3,000 ಮೈಲಿಗೆ ಅಥವಾ ವರ್ಷಕ್ಕೊಂದ್ಸಲ, ಯಾವುದು ಮೊದಲು ಬರುತ್ತೋ ಅದು. ನನ್ನ ಇಂಜಿನ್ನಿಗೆ ಫಿಲ್ಟರ್ ಸೇರಿ 5 ಕ್ವಾರ್ಟ್ (ಸುಮಾರು 4.7 ಲೀಟರ್) ಹಿಡಿಯುತ್ತೆ. ಈ ಇಂಜಿನ್ನಲ್ಲಿ ಲಿಫ್ಟರ್ (ವಾಲ್ವ್ ತೆರೆಯೋಕೆ ತಳ್ಳೋ ಭಾಗ) ತಿರುಗೋ ಕ್ಯಾಮ್ ಮೇಲೆ ಉಜ್ಜಿಕೊಂಡೇ ಕೆಲಸ ಮಾಡೋದು, ಸವೆಯದೇ ಇರೋಕೆ ಜಿಂಕ್ ಜಾಸ್ತಿ ಇರೋ ಆಯಿಲ್ ಬೇಕು, ಈಗಿನ ಸಾಮಾನ್ಯ ಆಯಿಲಲ್ಲಿ ಹೊಗೆ ಶುದ್ಧ ಮಾಡೋ ಕ್ಯಾಟಲಿಟಿಕ್ ಕನ್ವರ್ಟರ್ ಉಳೀಲಿ ಅಂತ ಅದನ್ನ ಕಮ್ಮಿ ಮಾಡಿದಾರೆ. ಹಳೇ ಗಾಡಿಗೆ ಅಂತ ಬರೆದಿರೋದು ತಗೊಳ್ಳಿ, ನೀವೇ ಹಾಕಿದ್ರೆ ಫಿಲ್ಟರ್ ಸೇರಿ 50-70 ಡಾಲರ್. ಹಾಗೇ ಕೆಳಗಡೆ ಗ್ರೀಸ್ ನಿಪ್ಪಲ್ ಇದ್ರೆ ಗ್ರೀಸ್ ಹೊಡೀರಿ.

ಟ್ಯೂನಪ್ ಅಂದ್ರೆ ಇಂಜಿನ್ನಿಗೆ ಕಿಡಿ ಕೊಡೋ ಭಾಗಗಳನ್ನ ನೋಡೋದು: ಪಾಯಿಂಟ್ಸ್ (ಕಿಡಿಗಾಗಿ ಕರೆಂಟ್ ಬಿಟ್ಟು ಕಡಿಯೋ ಪುಟ್ಟ ಸ್ವಿಚ್), ಕಂಡೆನ್ಸರ್, ರೋಟರ್, ಕ್ಯಾಪ್, ಪ್ಲಗ್. ಪಾಯಿಂಟ್ಸ್ ಗ್ಯಾಪ್ 289ಕ್ಕೆ 0.017 ಇಂಚು, ಉಜ್ಜೋ ಭಾಗ ಸವೆದ ಹಾಗೆ ಗ್ಯಾಪ್ ಮುಚ್ಕೊಂಡು ಟೈಮಿಂಗ್ ಹಿಂದಕ್ಕೆ ಹೋಗುತ್ತೆ, ಅಂದ್ರೆ ಕಿಡಿ ತಡವಾಗಿ ಬರುತ್ತೆ, ಗಾಡಿ ಮಂದ ಆಯ್ತು ಅಂದ್ರೆ ಕಾರ್ಬ್ಯುರೇಟರಿಗೆ ಕೈ ಹಾಕೋಕ್ ಮುಂಚೆ ಇಲ್ಲಿ ನೋಡಿ. ಫೀಲರ್ ಗೇಜ್ (ಗ್ಯಾಪ್ ಅಳೆಯೋ ತೆಳು ಪಟ್ಟಿಗಳು) ಹಿಡಿದು ಕೂತ್ರೆ ಅರ್ಧ ಗಂಟೆ ಕೆಲಸ, ಕಲೀಲೇಬೇಕು, ಯಾಕಂದ್ರೆ ಶಾಪಿಗೆ ಹೋದ್ರೆ ಲೇಬರ್ರೇ ಗಂಟೆಗೆ ನೂರು ಡಾಲರ್ ದಾಟುತ್ತೆ.

ಗಾಡಿ ಓಡಿ ಹಾಳಾಗೋದಕ್ಕಿಂತ ನಿಂತು ಹಾಳಾಗೋದೇ ಜಾಸ್ತಿ. ಅಮೇರಿಕಾದ ಈಗಿನ ಪೆಟ್ರೋಲಲ್ಲಿ ಸಾಮಾನ್ಯವಾಗಿ 10% ಎಥನಾಲ್ ಇರುತ್ತೆ, ಹಳೇ ರಬ್ಬರ್ ಪೈಪ್ ಅದಕ್ಕೆ ತಡೆಯಲ್ಲ, ಇಂಜಿನ್ ಬಿಸಿ ಮೇಲೆ ಪೆಟ್ರೋಲ್ ತೊಟ್ಟಿಕ್ಕಿದ್ರೆ ಬೆಂಕಿನೇ. ಚಳಿಗಾಲಕ್ಕೆ ನಿಲ್ಲಿಸೋಕ್ ಮುಂಚೆ ಟ್ಯಾಂಕ್ ಫುಲ್ ಮಾಡಿ, ಪೆಟ್ರೋಲ್ ಕೆಡದ ಹಾಗೆ ಸ್ಟೆಬಿಲೈಸರ್ ಹಾಕಿ ಹತ್ತು ನಿಮಿಷ ಓಡಿಸಿ, ಅದು ಕಾರ್ಬ್ಯುರೇಟರ್ ತನಕ ಹೋಗ್ಬೇಕು. ಟೈರ್ ಹಲ್ಲು ಚೆನ್ನಾಗಿದ್ರೂ ಟೈರ್ ಪಕ್ಕದಲ್ಲಿ DOT ಅಂತ ಶುರುವಾಗೋ ಕೋಡ್ ನೋಡಿ, ಕೊನೇ ನಾಲ್ಕು ಅಂಕಿ ಟೈರ್ ತಯಾರಾದ ವಾರ ಮತ್ತೆ ವರ್ಷ, ಹತ್ತು ವರ್ಷ ಆಗಿದ್ರೆ ಬೇಡ.

ಲೆಕ್ಕ ಹೇಳ್ಬೇಕಂದ್ರೆ ವರ್ಷಕ್ಕೆ 1,500 ಮೈಲಿ, ಗ್ಯಾಲನ್ನಿಗೆ 15 ಮೈಲಿ ಕೊಟ್ರೆ 100 ಗ್ಯಾಲನ್ ಪೆಟ್ರೋಲ್. ಅದೂ ಇನ್ಶೂರೆನ್ಸೂ ಬಿಟ್ಟು, ಕೆಲಸ ನೀವೇ ಮಾಡೋದಾದ್ರೆ, ನಾನು ಎತ್ತಿಡೋದು 1,000 ಡಾಲರ್. ಇನ್ಶೂರೆನ್ಸ್ ಮಾತ್ರ ಗಾಡಿ ಬೆಲೆ ಮೊದಲೇ ಒಪ್ಕೊಂಡು ಬರೆಯೋ ಪಾಲಿಸಿನೇ ತಗೊಳ್ಳಿ, ದಿನಾ ಓಡಿಸೋಕೆ ಬೇರೆ ಕಾರ್ ಇರ್ಬೇಕು, ಇದು ಗ್ಯಾರೇಜಲ್ಲಿರ್ಬೇಕು ಅಂತೆಲ್ಲಾ ಷರತ್ತು ಹಾಕ್ತಾರೆ.

ಇನ್ನೊಂದು, ಕಂಪನಿ ಆಗ ಕೊಡ್ತಿದ್ದ ರಿಪೇರಿ ಪುಸ್ತಕದ (ಶಾಪ್ ಮ್ಯಾನ್ಯುಯಲ್) ರೀಪ್ರಿಂಟ್ ಸಿಗುತ್ತೆ, ಸ್ಪ್ಯಾನರ್ ಸೆಟ್ಟಿಗೂ ಮೊದ್ಲು ಅದನ್ನ ತಗೊಳ್ಳಿ.